ರವಿಕೆಗೆ ಅಳತೆ ಕೊಡುತ್ತೇವೆ, ಸೈಕಲ್ ಚೀಲಕ್ಕೆ?

ಒಳಪೆಡಲು ಹೊಡೆದು ಸೈಕಲ್ ಕಲಿತವರಿಗೆ ಆ ತ್ರಿಕೋನದ ಪರಿಚಯ ಇದ್ದೇ ಇರುತ್ತದೆ. ಅಪ್ಪನ ಸೈಕಲ್ಲಿನ ಸೀಟು ಎಟುಕದೆ, ಫ್ರೇಮಿನ ನಡುವೆ ಬಲಗಾಲು ತೂರಿಸಿ, ಸೊಂಟ ವಾರೆ ಮಾಡಿಕೊಂಡು ಧಾರವಾಡದ ಏರಿಳಿತಗಳಲ್ಲಿ ನಾನೂ ಮೊಣಕಾಲು ತರಚಿಕೊಂಡವಳೇ. ಬೆಳೆದ ಮೇಲೆ ಕಾಲು ಹೊರಗೆ ಬಂತು, ಜಾಗ ಖಾಲಿ ಬಿತ್ತು. ಬೆನ್ನಿಗೆ ಚೀಲ ಹೇರಿಕೊಂಡು, ಅಂಗಿಯೆಲ್ಲ ಬೆವರು ಮಾಡಿಕೊಂಡು ತುಳಿಯುವ ಹುಡುಗರನ್ನು ಕಂಡಾಗಲೆಲ್ಲ ನನ್ನ ಕಣ್ಣು ಆ ಖಾಲಿ ಜಾಗಕ್ಕೇ ಹೋಗುತ್ತದೆ.

ಅಲ್ಲಿ ಕೂರುವ ಚೀಲಗಳು ಮಾರಾಟಕ್ಕಿವೆ. ಆದರೆ ಅವೆಲ್ಲ ಇನ್ಯಾರದೋ ಸೈಕಲ್ಲಿನ ಅಳತೆಯವು. ನಾನು ತರಿಸಿದ್ದು ಮುಂದೆ ನಾಲ್ಕು ಬೆರಳು ಜಾಗ ಬಿಟ್ಟು, ಹಿಂದೆ ಗಾಳಿ ಪಂಪಿಗೆ ಒದೆಯುತ್ತಿತ್ತು. ತೋಳು ಅರ್ಧ ಇಂಚು ಬಿಗಿಯಾದರೆ ಟೇಲರ ಅಂಗಡಿಗೆ ಮೂರು ಸಲ ಅಲೆಯುವ ನಾವು, ಇದಕ್ಕೆ ಮಾತ್ರ ಸಿಕ್ಕಿದ್ದನ್ನು ಕಟ್ಟಿಕೊಂಡು ಸುಮ್ಮನಿರುತ್ತೇವೆ. ಮನೆಯಲ್ಲಿ ಹೊಲಿಗೆ ಯಂತ್ರ ಇರುವವರು ಈ ಚೀಲ ಕೊಳ್ಳಲೇಬಾರದು ಎನ್ನುವುದು ನನ್ನ ವಾದ. ನನ್ನದು ಹಳೆಯ ಉಷಾ. ಅದನ್ನೂ ತುಳಿಯಬೇಕು.

ಒಂದು ರಟ್ಟನ್ನು ಫ್ರೇಮಿಗೆ ಒತ್ತಿ ಹಿಡಿದು ಪೈಪುಗಳ ಒಳ ಅಂಚಿನಗುಂಟ ಪೆನ್ಸಿಲ್ ಎಳೆದರೆ ಅಳತೆ ಸಿಕ್ಕಿತು. ಸುತ್ತಲೂ ಅರ್ಧ ಸೆಂಟಿಮೀಟರ್ ಸಣ್ಣದಾಗಿ ಕತ್ತರಿಸಿ, ಬಟ್ಟೆಗೆ ಗುರುತು ಹಾಕುವಾಗ ಹೊಲಿಗೆಗೆಂದು ಒಂದು ಸೆಂಟಿಮೀಟರ್ ಸೇರಿಸಬೇಕು. ನಾನು ಎಡವಿದ್ದು ದಪ್ಪದಲ್ಲಿ. ಹೆಚ್ಚು ಸಾಮಾನು ಹಿಡಿಯಲೆಂಬ ಆಸೆಗೆ 9 ಸೆಂಟಿಮೀಟರ್ ಇಟ್ಟೆ. ಪ್ರತಿ ತುಳಿತಕ್ಕೂ ಎರಡೂ ಮೊಣಕಾಲು ಚೀಲಕ್ಕೆ ಉಜ್ಜಿದವು. ಈಗ ಮುಂದೆ 6, ಪೆಡಲಿನ ಕಡೆ 5.

ಬಟ್ಟೆ ಅಂದರೆ ಲಾರಿಯ ತಾಡಪತ್ರಿಯ ತುಂಡು. ಹಳೆಯ ಫ್ಲೆಕ್ಸ್ ಪುಕ್ಕಟೆ ಸಿಗುತ್ತದೆಂದು ಆಸೆಪಡಬೇಡಿ, ಬಿಸಿಲಿಗೆ ಮಡಿಕೆಯಲ್ಲೇ ಸೀಳುತ್ತದೆ. ತಾಡಪತ್ರಿಯ ನಡವಳಿಕೆ ಬೇರೆ. ಗುಂಡುಸೂಜಿ ಚುಚ್ಚಿದ ತೂತು ಹಾಗೇ ಉಳಿಯುವುದರಿಂದ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದಲೇ ಹಿಡಿಸಬೇಕು. ಯಂತ್ರದ ಪಾದಕ್ಕೆ ಅಂಟಿ ಮುಂದೆ ಸರಿಯದಿದ್ದರೆ ಮೇಲೆ ಚೂರು ಪೌಡರ್ ಉದುರಿಸಿದರಾಯಿತು. ಹೊಲಿಗೆ ಸಣ್ಣದಿದ್ದಷ್ಟೂ ಗಟ್ಟಿ ಎಂದು ಅವ್ವ ಕಲಿಸಿದ್ದಳು. ಇಲ್ಲಿ ಅದು ನಡೆಯುವುದಿಲ್ಲ: ಒತ್ತೊತ್ತಾದ ತೂತುಗಳ ಸಾಲಿನಲ್ಲಿ ತಾಡಪತ್ರಿ ಅಂಚೆಚೀಟಿಯ ಹಾಳೆಯಂತೆ ಹರಿಯುತ್ತದೆ. 18ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, 4 ಮಿಲಿಮೀಟರ್ ಹೊಲಿಗೆ. ಮೂಲೆಯಲ್ಲಿ ನಾಲ್ಕು ಪದರ ಬಂದಾಗ ತುಳಿಯದೆ ಚಕ್ರವನ್ನು ಕೈಯಿಂದ ತಿರುವಬೇಕು.

ಚೀಲದ ಬಾಯಿಗೆ ಚೈನ್ ಕೂರಿಸಲಾಗದೆ ಸೂಪರ್ ಮಾರ್ಕೆಟ್ ಹತ್ತಿರದ ಬ್ಯಾಗ್ ದುರಸ್ತಿಯವರ ಬಳಿ ಹೋದೆ. ತಿರುಗಿಸಿ ಮುರುಗಿಸಿ ನೋಡಿ, "ಇದೇನ್ರೀ ಅಕ್ಕಾರ, ಇಷ್ಟ ದೊಡ್ಡ ಸಮೋಸಾ ಮಾಡೀರಿ?" ಎಂದು ನಕ್ಕರು. ಆಮೇಲೆ ಅವರು ಹೇಳಿದ್ದನ್ನು ಎಷ್ಟು ಓದಿದ್ದರೂ ನಾನು ಕಲಿಯುತ್ತಿರಲಿಲ್ಲ: "ಮೊದಲ ಚೈನ್ ಹಚ್ರಿ, ಪಟ್ಟಿ ಹಚ್ರಿ, ಆಮ್ಯಾಲೆ ಗ್ವಾಡಿ ಎಬ್ಬಸ್ರಿ." ಬಟ್ಟೆ ಚಪ್ಪಟೆಯಾಗಿರುವಾಗಲೇ ಚೈನು, ವೆಲ್ಕ್ರೋ ಎಲ್ಲ ಮುಗಿಯಬೇಕು. ಚೀಲದ ಆಕಾರ ಬಂದಮೇಲೆ ಯಂತ್ರದ ಬಾಯಿಗೆ ಅದು ಹಿಡಿಸುವುದಿಲ್ಲ. ಮೂರು ಭಾನುವಾರ, ಮುನ್ನೂರು ರೂಪಾಯಿಯ ಒಳಗೆ ನನ್ನ ಚೀಲ ಮುಗಿಯಿತು.

ಇದು ಬಡವರ ಉಪಾಯವಷ್ಟೇ ಎನ್ನುವವರು ಓರ್ಟ್‌ಲೀಬ್ ಕಂಪನಿಯ ಕಥೆ ಕೇಳಬೇಕು. ಜರ್ಮನಿಯ ಹಾರ್ಟ್‌ಮುಟ್ ಓರ್ಟ್‌ಲೀಬ್ ಇಂಗ್ಲೆಂಡಿನ ಮಳೆಯಲ್ಲಿ ಸೈಕಲ್ ತುಳಿಯುತ್ತ ತೊಯ್ದಾಗ ಅವರ ಕಣ್ಣಿಗೆ ಬಿದ್ದದ್ದು ಲಾರಿಯ ತಾಡಪತ್ರಿ. ಊರಿಗೆ ಮರಳಿ ತಾಯಿಯ ಹೊಲಿಗೆ ಯಂತ್ರದಲ್ಲಿ ಚೀಲ ಹೊಲಿದರು. 1982ರಲ್ಲಿ ಕಂಪನಿ ಹುಟ್ಟಿತು. ನನ್ನ ಚೀಲ ಅವರದರಷ್ಟು ಮಳೆ ತಡೆಯುವುದಿಲ್ಲ, ಸುಳ್ಳೇಕೆ? ಸೂಜಿಯ ತೂತಿನಿಂದ ನೀರು ಜಿನುಗುತ್ತದೆ. ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಯೇ ಇಡುತ್ತೇನೆ.

ನನ್ನ ನಿಜವಾದ ತಕರಾರು ಹುಡುಗಿಯರ ಸೈಕಲ್ಲಿನದು. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿದ್ದು 2006-07ರಲ್ಲಿ. ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಹಂಚುವ ಯೋಜನೆಗಳೂ ಇವೆ. ಎರಡೂ ಒಂದೇ ಪಡಸಾಲೆಯಲ್ಲಿ ನಿಂತಿರುವ ಮನೆಗಳನ್ನು ನೋಡಿದ್ದೇನೆ. ಒಂದರ ಉಪಯೋಗ ಇನ್ನೊಂದಕ್ಕಿದೆ ಎಂದು ಯಾರೂ ಹೇಳಿಕೊಟ್ಟಿಲ್ಲ. ಲೇಡೀಸ್ ಸೈಕಲ್ಲಿನಲ್ಲಿ ತ್ರಿಕೋನವೇ ಇಲ್ಲ. ಸೀರೆ, ಲಂಗ ಅಡ್ಡ ಬಾರದಿರಲೆಂದು ಮೇಲಿನ ಪೈಪನ್ನು ಕೆಳಗಿಳಿಸಿದ್ದಾರೆ. ಎರಡು ಇಳಿಜಾರು ಪೈಪುಗಳ ನಡುವೆ ಒಂದು ಓಣಿಯಷ್ಟೇ ಉಳಿಯುತ್ತದೆ. ಅದಕ್ಕೆ ಹೊಂದುವ ಚೀಲ ನಾನು ಹುಡುಕಿದ ಯಾವ ಅಂಗಡಿಯಲ್ಲೂ ಇರಲಿಲ್ಲ.

ಪಕ್ಕದ ಮನೆಯ ಹುಡುಗಿ ಅಕ್ಕನಿಗೆ ಶಾಲೆಯಲ್ಲಿ ಸಿಕ್ಕ ಅಂಥ ಸೈಕಲ್ಲನ್ನೇ ಈಗ ಕಾಲೇಜಿಗೆ ತುಳಿಯುತ್ತಾಳೆ. ಕಳೆದ ವಾರ ಅದರ ಓಣಿಗೆ ರಟ್ಟು ಹಿಡಿದೆವು. ಪುಸ್ತಕ ಹಿಡಿಯುವ ಜಾಗವಲ್ಲ, ಆದರೆ ಛತ್ರಿಗೆಂದೇ ಮಾಡಿಟ್ಟಂತಿದೆ. ಮೂರನೆಯ ರಟ್ಟು ಸರಿಯಾಗಿ ಕೂತಿತು, ಬಾಳೆಕಾಯಿಯ ಆಕಾರ. ಹೊಲಿಯುವವಳು ಅವಳೇ. ವೆಲ್ಕ್ರೋ ಕೆಂಪು ಬಣ್ಣದ್ದೇ ಆಗಬೇಕಂತೆ. ನಾಳೆ ಹುಡುಕಲು ಹೋಗಬೇಕು.