ದೂರಿಗೆ ಊರು ಯಾವುದು?

ಕಂಪನಿಯ ನೋಂದಾಯಿತ ಕಚೇರಿ ಬೆಂಗಳೂರಿನಲ್ಲಿ, ಲೆಕ್ಕ ತಿದ್ದುವ ನಿರ್ದೇಶಕರು ಹೈದರಾಬಾದಿನಲ್ಲಿ, ಹಣ ಕಳೆದುಕೊಂಡವರು ಮುಂಬಯಿ, ಪುಣೆ, ಚೆನ್ನೈಗಳಲ್ಲಿ. ಸಂಚು ಹೂಡುವವರಿಗೆ ರಾಜ್ಯಗಳ ಗಡಿ ಅಡ್ಡಬರುವುದಿಲ್ಲ. ಮೋಸಹೋದವರು ಠಾಣೆಯ ಮೆಟ್ಟಿಲೇರಿದಾಗ ಮಾತ್ರ ಗಡಿ ಎದ್ದು ನಿಲ್ಲುತ್ತದೆ: 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.' ಹೊರನಾಡಿನಲ್ಲಿ ದುಡಿದು, ಉಳಿತಾಯವನ್ನು ತವರಿನ ಸಂಸ್ಥೆಗಳಲ್ಲಿ ತೊಡಗಿಸುವ ನಮ್ಮಂಥವರು ಈ ಮಾತನ್ನು ಕಾನೂನೆಂದು ನಂಬಿ ಹಿಂದಿರುಗುತ್ತೇವೆ. ಹಿಂದಿರುಗಬಾರದು ಎಂಬುದೇ ನಮ್ಮ ವಾದ.

ಕಾನೂನು ಹೇಳುವುದು ಬೇರೆ. ಕೃತ್ಯ ನಡೆದ ಸ್ಥಳದಲ್ಲಿ ಮಾತ್ರವಲ್ಲ, ಅದರ ಪರಿಣಾಮ ಉಂಟಾದ ಸ್ಥಳದಲ್ಲಿಯೂ ವಿಚಾರಣೆ ನಡೆಸಬಹುದೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 179ನೆಯ ಕಲಮು ಹೇಳಿತ್ತು. ಪತ್ರ ಅಥವಾ ದೂರಸಂಪರ್ಕದ ಮೂಲಕ ವಂಚಿಸಿದರೆ ಸಂದೇಶ ಹೊರಟ ಊರೂ ಆದೀತು, ತಲುಪಿದ ಊರೂ ಆದೀತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇವೆರಡನ್ನೂ ಉಳಿಸಿಕೊಂಡಿದೆ. ಅಪರಾಧ ನಡೆದ ಪ್ರದೇಶ ಯಾವುದೇ ಇರಲಿ, ಮಾಹಿತಿಯನ್ನು ದಾಖಲಿಸಿಕೊಳ್ಳಬೇಕೆಂದು ಅದರ 173ನೆಯ ಕಲಮು ಸ್ಪಷ್ಟಪಡಿಸಿದೆ.

ಇದೇನೂ ಹೊಸ ಔದಾರ್ಯವಲ್ಲ. ಕರಾಚಿಯಲ್ಲಿ ಕುಳಿತು, ಅಕ್ಕಿ ಕಳಿಸುವುದಾಗಿ ನಂಬಿಸಿ ಹಣ ಪಡೆದ ಮುಬಾರಕ್ ಅಲಿಯ ಪ್ರಕರಣದಲ್ಲಿ, ವಂಚನೆ ನಡೆದದ್ದು ಮುಂಬಯಿಯಲ್ಲೇ ಎಂದು ಸುಪ್ರೀಂ ಕೋರ್ಟ್ 1957ರಲ್ಲಿಯೇ ತೀರ್ಪಿತ್ತಿತು. ಸಂಚಿನ ವಿಚಾರಣೆಗೆ ಅಧಿಕಾರವುಳ್ಳ ನ್ಯಾಯಾಲಯ, ಆ ಸಂಚಿನಂತೆ ಬೇರೆಡೆ ನಡೆದ ಅಪರಾಧಗಳನ್ನೂ ವಿಚಾರಿಸಬಹುದೆಂದು 1961ರ ದಾಲ್ಮಿಯಾ ತೀರ್ಪು ಹೇಳಿತು. 1999ರ ಟ್ರೈಸನ್ಸ್ ಕೆಮಿಕಲ್ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಸ್ಥಳವ್ಯಾಪ್ತಿಯ ಪ್ರಶ್ನೆ ಏಳುವುದು ವಿಚಾರಣೆಯ ಹಂತದಲ್ಲಿ; ದೂರನ್ನು ಪರಿಗಣಿಸುವ ಮ್ಯಾಜಿಸ್ಟ್ರೇಟರಿಗೆ ಅದು ಅಡ್ಡಿಯಲ್ಲ.

ಹಾಗಿದ್ದೂ ಬಾಗಿಲು ಏಕೆ ಮುಚ್ಚುತ್ತದೆ? ಒಂದು ಕಾರಣ 2013ರ ಕಂಪನಿ ಕಾಯಿದೆಯ ರಚನೆಯಲ್ಲಿದೆ. ಅದರ 447ನೆಯ ಕಲಮು ವಂಚನೆಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಆದರೆ ಆ ಕಲಮಿನಡಿ ದೂರು ಕೊಡುವ ಹಕ್ಕು ಗಂಭೀರ ವಂಚನೆ ತನಿಖಾ ಕಚೇರಿಯ ನಿರ್ದೇಶಕರಿಗೆ ಅಥವಾ ಕೇಂದ್ರ ಸರ್ಕಾರ ಅಧಿಕಾರವಿತ್ತ ಅಧಿಕಾರಿಗೆ ಮಾತ್ರ. ವಿಚಾರಣೆ ನೋಂದಾಯಿತ ಕಚೇರಿ ಇರುವ ಪ್ರದೇಶದ ವಿಶೇಷ ನ್ಯಾಯಾಲಯದಲ್ಲಿ. ಹಣ ಕಳೆದುಕೊಂಡವನಿಗೆ ಅಲ್ಲಿ ನೇರ ಪ್ರವೇಶವಿಲ್ಲ. ಅವನಿಗೆ ಉಳಿಯುವುದು ಮೋಸ, ನಂಬಿಕೆದ್ರೋಹ, ಅಪರಾಧಿಕ ಒಳಸಂಚುಗಳ ಸಾಮಾನ್ಯ ಕಾನೂನಷ್ಟೇ. ಆ ಒಂದೇ ದಾರಿಯನ್ನೂ 'ವ್ಯಾಪ್ತಿ'ಯ ನೆಪದಲ್ಲಿ ಮುಚ್ಚಿದರೆ ಅವನು ಎಲ್ಲಿಗೆ ಹೋಗಬೇಕು?

ಹತ್ತೂರುಗಳಲ್ಲಿ ದೂರು ದಾಖಲಾದರೆ ಪ್ರಾಮಾಣಿಕ ನಿರ್ದೇಶಕರಿಗೂ ಕಿರುಕುಳವಾಗದೇ ಎಂದು ಕೇಳುವವರುಂಟು. ಆ ಭಯಕ್ಕೆ ಆಧಾರವಿದೆ. ವ್ಯಾಪಾರದ ಜಗಳಕ್ಕೆ ಅಪರಾಧದ ವೇಷ ತೊಡಿಸುವವರನ್ನು ನಾವೂ ಕಂಡಿದ್ದೇವೆ. ಆದರೆ ದೂರು ಸ್ವೀಕರಿಸುವುದು ಒಂದು, ವಿಚಾರಣೆ ಎಲ್ಲಿ ಎಂಬುದು ಇನ್ನೊಂದು. ಒಂದು ರಾಜ್ಯದ ಪ್ರಕರಣವನ್ನು ಇನ್ನೊಂದು ರಾಜ್ಯಕ್ಕೆ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿಗಿದೆ. ಹುರುಳಿಲ್ಲದ ದೂರನ್ನು ರದ್ದುಪಡಿಸುವ ಅಧಿಕಾರ ಹೈಕೋರ್ಟುಗಳಿಗಿದೆ. ಚದುರಿದ ದೂರುಗಳನ್ನು ಕೂಡಿಸುವ ಹೊಣೆ ವ್ಯವಸ್ಥೆಯದು. ರೈಲು ಹತ್ತಿ ಊರೂರು ಅಲೆಯುವ ಹೊಣೆಯನ್ನು ನಿವೃತ್ತ ಗುಮಾಸ್ತನ ಹೆಗಲಿಗೆ ಹೊರಿಸುವುದು ಯಾವ ನ್ಯಾಯ?

ಸತ್ಯಂ ಹಗರಣದಲ್ಲಿ ಅಧ್ಯಕ್ಷರೇ ಲೆಕ್ಕದ ಸುಳ್ಳನ್ನು ಪತ್ರ ಬರೆದು ಒಪ್ಪಿಕೊಂಡದ್ದು 2009ರ ಜನವರಿ 7ರಂದು. ಹೈದರಾಬಾದಿನ ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2015ರ ಏಪ್ರಿಲ್ 9ರಂದು. ಒಪ್ಪಿಕೊಂಡ ಸುಳ್ಳಿಗೇ ಆರು ವರ್ಷ ಬೇಕಾದರೆ, ದೂರು ಯಾವ ಊರಿನದೆಂಬ ಚರ್ಚೆಯಲ್ಲೇ ಕಾಲ ಕಳೆಯುವ ಪ್ರಕರಣಗಳ ಗತಿಯೇನು? ಅಷ್ಟರಲ್ಲಿ ಹಣ ಕೈಬದಲಾಗಿರುತ್ತದೆ, ಕಡತ ಕಾಣೆಯಾಗಿರುತ್ತದೆ.

ಆದ್ದರಿಂದ ನಾವು ಕೇಳುವುದು ಇಷ್ಟು. ಯಾವ ಠಾಣೆಯೂ ವ್ಯಾಪ್ತಿಯ ಕಾರಣಕ್ಕೆ ದೂರನ್ನು ಬಾಯಿಮಾತಿನಲ್ಲಿ ತಿರಸ್ಕರಿಸಬಾರದು. ದಾಖಲಿಸಿಕೊಂಡು, ತಾನೇ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಕಂಪನಿ ಕಾಯಿದೆಯಡಿ ವಂಚಿತರಿಗೂ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕು ಸಿಗಬೇಕು. ನಮ್ಮ ಹಣ ಸ್ವೀಕರಿಸುವಾಗ ಯಾರೂ ನಮ್ಮನ್ನು ಯಾವ ಊರಿನವರೆಂದು ಕೇಳಲಿಲ್ಲ.