ತೊಂಬತ್ನಾಲ್ಕರ ಲೆಕ್ಕ

ನಮ್ಮ ಪರೇಲಿನಲ್ಲಿ ಗಣಪತಿ ಬರುವ ಹೊತ್ತಿಗೆ ನೆಟ್ ಹೋಗುತ್ತದೆ. ತಮಾಷೆಯಲ್ಲ ಮಾರಾಯ್ರೆ. ಇಲ್ಲಿಯ ವರ್ಕ್‌ಶಾಪುಗಳಿಂದ ಎತ್ತರದ ಮೂರ್ತಿಗಳು ಹೊರಟಾಗ ಹುಡುಗರು ಬಿದಿರಿನ ಕೋಲು ಹಿಡಿದು ರಸ್ತೆಗೆ ಅಡ್ಡ ಜೋತಾಡುವ ವಯರುಗಳನ್ನು ಮೇಲೆತ್ತುತ್ತಾರೆ. ಮೂರ್ತಿ ದಾಟಿ ಹೋಗುತ್ತದೆ, ವಯರು ಧೊಪ್ಪೆಂದು ಕೆಳಗೆ. ಮರುದಿನ ಕೇಬಲ್‌ನವನ ಫೋನು ಇಡೀ ದಿನ ಎಂಗೇಜು.

ಇರಲಿ, ಇವತ್ತು ಹೇಳಹೊರಟದ್ದು ಬೇರೆ.

2021ರ ಮಳೆಗಾಲ. ಎಲ್ಲರಿಗೂ ಮನೆಯೇ ಆಫೀಸಾಗಿದ್ದ ಸಮಯ. ನಮ್ಮ ಕಟ್ಟಡದ ಎರಡನೇ ಮಾಳಿಗೆಯ ಮರಾಠಿ ಹುಡುಗಿಗೆ ಒಂದು ಇಂಟರ್‌ವ್ಯೂ ಇತ್ತು, ಲ್ಯಾಪ್‌ಟಾಪಿನಲ್ಲೇ. ಬಿ.ಕಾಂ. ಮುಗಿಸಿ ಒಂದು ವರ್ಷದಿಂದ ಕೆಲಸ ಹುಡುಕುತ್ತಿದ್ದವಳು. ಅವಳಜ್ಜ ಗಿರಣಿಯಲ್ಲಿದ್ದವರು, 1982ರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರು. ಆ ಮನೆಯಲ್ಲಿ ಕೆಲಸ ಅನ್ನುವ ಶಬ್ದಕ್ಕೆ ಇರುವ ತೂಕ ಬೇರೆಯೇ. ಇಂಟರ್‌ವ್ಯೂ ಶುರುವಾಗಿ ನಾಲ್ಕು ನಿಮಿಷಕ್ಕೆ ಲೈನ್ ಹೋಯಿತು. ಬಂತು. ಮತ್ತೆ ಹೋಯಿತು. ಮೂರನೇ ಸಲ ಆಚೆಯವರು “ಆಮೇಲೆ ನೋಡೋಣ” ಎಂದರು. ಆ ಆಮೇಲೆ ಬರಲೇ ಇಲ್ಲ.

ಸಂಜೆ ಕೇಬಲ್ ಹುಡುಗ ಬಂದ. ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಒತ್ತಿದ. ಮುಳ್ಳು ಗರಗರ ತಿರುಗಿ 94ಕ್ಕೆ ನಿಂತಿತು. “ನೋಡಿ ಅಂಕಲ್, ಸ್ಪೀಡ್ ಬರ್ತಾ ಉಂಟಲ್ಲ. ಲ್ಯಾಪ್‌ಟಾಪ್ ಹಳೇದು” ಎಂದು ಹೊರಟೇ ಹೋದ. ಅಪ್ಪ ಮಗಳನ್ನು ಬೈದ. ಲ್ಯಾಪ್‌ಟಾಪನ್ನೂ ಬೈದ.

ನನಗೆ ಕುಟುಕಿದ್ದು ಆ 94. ಅವರು ದುಡ್ಡು ಕೊಡುತ್ತಿದ್ದದ್ದು 200 ಎಂಬಿಪಿಎಸ್ಸಿಗೆ. ಇನ್ನೆರಡು ಸಲ ನೋಡಿದೆ, 94, ಮತ್ತೆ 94. ಟ್ರಾಫಿಕ್ಕಿನಿಂದ ಸ್ಪೀಡ್ ಕಡಿಮೆಯಾಗಿದ್ದರೆ ಒಮ್ಮೆ 70, ಒಮ್ಮೆ 130 ಬರಬೇಕು. ಹೀಗೆ ಗೋಡೆಗೆ ಹಣೆ ತಾಗಿದ ಹಾಗೆ ಒಂದೇ ಕಡೆ ನಿಲ್ಲುವುದು ಯಾಕೆ?

ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ನಾನು ಇಂಜಿನಿಯರ್ ಅಲ್ಲ. 1978ರಲ್ಲಿ ಕುಂದಾಪುರದಿಂದ ಬಸ್ಸು ಹತ್ತಿ ಬಂದು, ಪರೇಲಿನ ಕ್ಯಾಂಟೀನಿನಲ್ಲಿ ಗ್ಲಾಸು ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತನಾದವನು. ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ್ದು 2006ರಲ್ಲಿ, ಟೆಲಿಫೋನ್ ತಂತಿಯ ಮೇಲೆ ಬರುವ ಡಿಎಸ್‌ಎಲ್. 256 ಕೆಬಿಪಿಎಸ್. 2004ರ ಸರಕಾರಿ ನೀತಿಯ ಪ್ರಕಾರ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಅಷ್ಟು ಸಾಕಿತ್ತು. 2013ರಲ್ಲಿ ಅದು 512 ಆಯಿತು, 2023ರಲ್ಲಿ 2 ಎಂಬಿಪಿಎಸ್.

ಮೊದಲ ದಿನವೇ ಜಗಳ ತೆಗೆದೆ. 256 ಎಂದು ಹೇಳಿ ಕಂಪ್ಯೂಟರಿನಲ್ಲಿ 30 ತೋರಿಸುತ್ತಿದೆ, ಮೋಸ! ಆಚೆ ಕಡೆಯ ಹುಡುಗಿ ಪಾಪ ಸಮಾಧಾನದಲ್ಲಿ ಹೇಳಿದಳು, “ಸರ್, ಅದು ಬಿಟ್, ಇದು ಬೈಟ್. ಎಂಟರಿಂದ ಭಾಗಿಸಿ.” ಭಾಗಿಸಿದೆ, 32. ಪಾವಿನ ಲೆಕ್ಕ ಹೇಳಿ ಸೇರಿನಲ್ಲಿ ಅಳೆದರೆ ಹೀಗೇ ಆಗುವುದು. ಅಳೆಯುವಾಗ ಚೆಲ್ಲುವುದು ಸ್ವಲ್ಪ ಇದ್ದೇ ಇರುತ್ತದೆ, ಅದಕ್ಕೇ 30. ನಾಚಿಕೆಯಾಯಿತು. ಅಂದಿನಿಂದ ಮೋಡೆಮ್ಮಿನ ಒಳಪುಟ ತೆರೆದು ನೋಡುವ ಚಟ ಹತ್ತಿತು. ಬ್ರೌಸರಿನಲ್ಲಿ 192.168.1.1 ಎಂದು ಹಾಕಿದರೆ ಬರುತ್ತಿತ್ತು, ಹೆಚ್ಚಿನ ರೌಟರುಗಳಲ್ಲಿ ಈಗಲೂ ಅದೇ ಅಥವಾ ಅಂಥದ್ದೇ.

ಅಲ್ಲಿ ಎರಡು ಅಂಕಿ ಇದ್ದವು, ಅಟೆನ್ಯುಯೇಶನ್ ಮತ್ತು ನಾಯ್ಸ್ ಮಾರ್ಜಿನ್. ಅರ್ಥವಾಗಲು ತಿಂಗಳು ಬೇಕಾಯಿತು, ಅರ್ಥವಾದದ್ದು ನನ್ನ ಕ್ಯಾಂಟೀನು ನೆನಪಾದಾಗ. ಮಧ್ಯಾಹ್ನದ ರಶ್ಶಿನಲ್ಲಿ ಹೊರಗಿನಿಂದ “ಎರಡು ರೈಸ್‌ಪ್ಲೇಟ್” ಎಂದು ಕೂಗಿದರೆ ಅದು ಅಡುಗೆಮನೆಗೆ ತಲುಪುವಷ್ಟರಲ್ಲಿ ಕ್ಷೀಣಿಸುತ್ತದೆ. ಅದು ಅಟೆನ್ಯುಯೇಶನ್, ದೂರ ಹೆಚ್ಚಿದಷ್ಟೂ ಹೆಚ್ಚು. ಒಳಗೆ ಪಾತ್ರೆಯ ಸದ್ದು, ಒಲೆಯ ಸದ್ದು. ಆ ಸದ್ದನ್ನು ಮೀರಿ ಆರ್ಡರು ಸ್ಪಷ್ಟ ಕೇಳಬೇಕಾದರೆ ಇಷ್ಟು ಬೇಕು ಎಂದುಂಟಲ್ಲ, ಅದಕ್ಕಿಂತ ಮೇಲೆ ಎಷ್ಟು ಉಳಿದಿದೆಯೋ ಅದು ಮಾರ್ಜಿನ್. ಎರಡನ್ನೂ ಡೆಸಿಬೆಲ್‌ನಲ್ಲಿ ಹೇಳುತ್ತಾರೆ. ಮೂರು ಡೆಸಿಬೆಲ್ ಇಳಿದರೆ ಶಕ್ತಿ ಅರ್ಧ. ಮಾರ್ಜಿನ್ ಆರರ ಆಸುಪಾಸಿಗೆ ಬಂತೆಂದರೆ ಎಚ್ಚರ, ಅದಕ್ಕಿಂತ ಕೆಳಗೆ ಹೋದರೆ ಲೈನ್ ಬಿದ್ದು ಎದ್ದು ಮಾಡುತ್ತದೆ. ಮೋಡೆಮ್ ಮತ್ತೆ ಮಾತು ಹಚ್ಚುವಾಗ ನಿಧಾನಕ್ಕೆ ಇಳಿಯುವುದೂ ಉಂಟು, ರಶ್ಶಿನಲ್ಲಿ ನಾವು ಬಿಡಿಸಿ ಬಿಡಿಸಿ ಕೂಗುತ್ತಿದ್ದ ಹಾಗೆ.

ನನ್ನ ಅಟೆನ್ಯುಯೇಶನ್ 32 ಇತ್ತು, ಅಂದಾಜು ಎರಡೂಕಾಲು ಕಿಲೋಮೀಟರ್ ತಂತಿ. ಅದು ಯಾವಾಗಲೂ ಅಷ್ಟೇ. ಮಾರ್ಜಿನ್ ಮಾತ್ರ ಬೇಸಗೆಯಲ್ಲಿ 14, ಹಿಂದ್‌ಮಾತಾದಲ್ಲಿ ಮೊಣಕಾಲು ನೀರು ನಿಂತ ವಾರ 4. ಡೈರಿಯಲ್ಲಿ ದಿನಾ ಬರೆದಿಟ್ಟೆ. ಹೆಂಡತಿ ನಕ್ಕಳು, “ಬಿಪಿ ಬರೆದಿಡುವ ಹಾಗೆ ಬರೆಯುತ್ತೀರಲ್ಲ” ಎಂದು. ಲೈನ್‌ಮನ್ ಬಂದಾಗ ಆ ಪುಟ ತೋರಿಸಿದೆ. ಅವರು ಮನೆಯೊಳಗೆ ಕಾಲಿಡಲೇ ಇಲ್ಲ. “ಅಣ್ಣಾ, ಇದು ರಸ್ತೆಯ ಜಾಯಿಂಟಿಗೆ ನೀರು ಹೋಗಿರುವುದು” ಎಂದು ಸೀದಾ ಕೆಳಗಿನ ಡಬ್ಬಕ್ಕೆ ಹೋದರು. ಅದಕ್ಕೆ ಮೊದಲು ಎರಡು ವರ್ಷ, ಪ್ರತೀ ಮಳೆಗಾಲ, ಯಾರೋ ಬಂದು ನನ್ನ ಮನೆಯ ವಯರನ್ನೇ ಬದಲಾಯಿಸಿ ಹೋಗುತ್ತಿದ್ದರು.

ಈಗ ಆ 94ಕ್ಕೆ ಬರುತ್ತೇನೆ. ಆ ಮನೆಗೆ ಟೆರೇಸಿನಿಂದ ಬರುತ್ತಿದ್ದದ್ದು ಸಾಮಾನ್ಯ ಲ್ಯಾನ್ ವಯರು. ಅದರೊಳಗೆ ಎಂಟು ಎಳೆ. 100 ಎಂಬಿಪಿಎಸ್ಸಿಗೆ ನಾಲ್ಕು ಎಳೆ ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ನಾಲ್ಕೇ ಎಳೆ ಸಿಕ್ಕಿದರೆ ಲಿಂಕು ನೂರಕ್ಕೆ ನಿಲ್ಲುತ್ತದೆ, ಪ್ಯಾಕೆಟ್ಟುಗಳ ಹೊದಿಕೆಯ ತೂಕ ಕಳೆದರೆ ಕೈಗೆ ಬರುವುದು ಹೆಚ್ಚುಕಡಿಮೆ 94. ರೌಟರಿನ ಪುಟ ತೆರೆದೆ. ಲಿಂಕ್ 100 ಎಂದೇ ಇತ್ತು. ಅದರ ಕೆಳಗೆ ಲಾಗ್: ಇಂಟರ್‌ವ್ಯೂ ನಡೆದ ಆ ಒಂದು ಗಂಟೆಯಲ್ಲಿ ಲಿಂಕ್ ಡೌನ್, ಲಿಂಕ್ ಅಪ್, ಹನ್ನೊಂದು ಸಲ. ಹುಡುಗಿಗೆ ತೋರಿಸಿದೆ. “ಕಾಕಾ, ಹಾಗಾದರೆ ತಪ್ಪು ನನ್ನದಲ್ಲವಾ?” ಎಂದು ಕೇಳಿದಳು. ಅವಳು ಅಷ್ಟರ ತನಕ ತನ್ನದೇ ತಪ್ಪು ಎಂದು ತಿಳಿದಿದ್ದಳು.

ಟೆರೇಸಿಗೆ ಹೋಗಿ ನೋಡಿದರೆ, ಒಂದೇ ವಯರಿನ ಎಂಟು ಎಳೆಗಳನ್ನು ಎರಡು ಮನೆಗೆ ಪಾಲು ಮಾಡಿದ್ದಾರೆ. ಜಾಯಿಂಟು ಕೈಯಲ್ಲೇ ತಿರುಚಿ ಟೇಪು ಸುತ್ತಿದ್ದು, ಮೇಲೆ ಪ್ಲಾಸ್ಟಿಕ್ ಚೀಲ. ಚೀಲದ ತುಂಬ ನೀರು. ನನ್ನ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದ ಮೇಲೆ ಅದೇ ಹುಡುಗ ಹೊಸ ವಯರಿನ ಸುರುಳಿ ಹೊತ್ತು ಬಂದ. ಅವನನ್ನು ಬೈಯಲು ಮನಸ್ಸಾಗಲಿಲ್ಲ. ದಿನಕ್ಕೆ ಎಷ್ಟೋ ಮನೆ ಹತ್ತಿಳಿಯುವವನು, ಅವನಿಗೆ ಕಲಿಸಿದ್ದು ಸ್ಪೀಡ್ ಟೆಸ್ಟ್ ಒಂದೇ.

ನನ್ನ ತಕರಾರು ಇರುವುದು ಇಲ್ಲೇ. ಕಂಪೆನಿಗಳು ನಮಗೆ ಮಾರುವುದು ಒಂದೇ ಅಂಕಿ. ನಾವೂ ಅದನ್ನೇ ಹಿಡಿದು, ನಿಮ್ಮದು ನೂರಾ, ನಮ್ಮದು ಮುನ್ನೂರು ಎಂದು ಬೀಗುತ್ತೇವೆ. ಮಾತಾಡಲು, ಪಾಠ ಕೇಳಲು, ಇಂಟರ್‌ವ್ಯೂ ಕೊಡಲು ಮುನ್ನೂರು ಬೇಡ. ಒಬ್ಬರ ವೀಡಿಯೋ ಕಾಲಿಗೆ ಎರಡು ಮೂರು ಎಂಬಿಪಿಎಸ್ ಧಾರಾಳ, ಅದು ತುಂಡಾಗದೆ ಬರಬೇಕು ಅಷ್ಟೆ. ನಿಯಮ ಮಾಡಿದವರಿಗೆ ಇದು ತಿಳಿಯದ್ದೇನಲ್ಲ. ಟ್ರಾಯ್‌ನ 2006ರ ಗುಣಮಟ್ಟದ ನಿಯಮದಲ್ಲೇ ಸ್ಪೀಡ್ 80 ಶೇಕಡಾಕ್ಕಿಂತ ಹೆಚ್ಚಿರಬೇಕು ಎಂಬುದರ ಜೊತೆಗೆ ಪ್ಯಾಕೆಟ್ ನಷ್ಟ 1 ಶೇಕಡಾಕ್ಕಿಂತ ಕಡಿಮೆ ಇರಬೇಕು ಎಂದಿತ್ತು. 2024ರಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂದಿದೆ. ಆದರೆ ನನ್ನ ಬಿಲ್ಲಿನಲ್ಲಿ ಇವತ್ತಿಗೂ ಕಾಣುವುದು ಪ್ಲಾನು ಮತ್ತು ಕೊಡಬೇಕಾದ ದುಡ್ಡು.

ಗಿರಾಕಿಗೆ ಇದೆಲ್ಲ ಯಾಕೆ, ತಲೆ ಕೆಡುತ್ತದೆ ಎನ್ನುವವರಿದ್ದಾರೆ. ನಮ್ಮ ಮೆಟ್ಟಿಲಿನ ಕೆಳಗೆ ಬೆಸ್ಟ್‌ನ ಕರೆಂಟು ಮೀಟರುಗಳ ಸಾಲು ಉಂಟು. ನಾಲ್ಕನೇ ಕ್ಲಾಸು ಓದಿದ ಅಜ್ಜಿಯಂದಿರು ಅದರ ಯೂನಿಟ್ ಓದಿ ಬಿಲ್ಲಿನೊಂದಿಗೆ ತಾಳೆ ನೋಡುತ್ತಾರೆ. ಅವರ ತಲೆ ಕೆಡಲಿಲ್ಲ. ಹೋದ ತಿಂಗಳು ನಿಮ್ಮ ಲೈನು ಇಷ್ಟು ಸಲ ಬಿತ್ತು, ಇಷ್ಟು ನಿಮಿಷ ಇರಲಿಲ್ಲ ಎಂದು ಎರಡು ಸಾಲು ಬಿಲ್ಲಿನಲ್ಲಿ ಹಾಕಲು ಏನು ಕಷ್ಟ? ಲೆಕ್ಕ ಅವರ ಯಂತ್ರದಲ್ಲಿ ಉಂಟು.

ಹಾಗೆಂದು ಎಲ್ಲದಕ್ಕೂ ಕಂಪೆನಿಯನ್ನು ದೂರುವುದೂ ಸರಿಯಲ್ಲ. 2008ರ ಜನವರಿ ಕೊನೆಗೆ ಈಜಿಪ್ಟಿನ ಹತ್ತಿರ ಸಮುದ್ರದೊಳಗಿನ ಕೇಬಲ್ ತುಂಡಾಗಿ ಇಡೀ ದೇಶದ ನೆಟ್ ಸೊರಗಿದಾಗ ನನ್ನ ಮೋಡೆಮ್ಮಿನ ಅಂಕಿಗಳು ಥಳಥಳ ಹೊಳೆಯುತ್ತಿದ್ದವು. ಮತ್ತೆ ಮನೆಯೊಳಗಿನ ವೈಫೈ. ಒಂದು ಕೋಣೆಗೆ ಹತ್ತು ಮನೆಯ ಸಿಗ್ನಲ್ ನುಗ್ಗುವ ಈ ಊರಿನಲ್ಲಿ, ದೂರು ಕೊಡುವ ಮೊದಲು ಒಮ್ಮೆ ವಯರು ಚುಚ್ಚಿ ನೋಡಿ.

ಈಗ ನಮ್ಮ ಮನೆಗೆ ಫೈಬರ್. ಅದರ ಪುಟದಲ್ಲಿ ಆಪ್ಟಿಕಲ್ ಪವರ್ ಎಂದು ಮೈನಸ್ ಅಂಕಿ ಇರುತ್ತದೆ, ಹೆದರಬೇಡಿ. ಮೈನಸ್ 20ರ ಆಸುಪಾಸು ಒಳ್ಳೆಯದೇ. ಮೈನಸ್ 27 ಅಂದರೆ ಅಂಚಿಗೆ ಬಂದಿದೆ. ನಮ್ಮದು ಒಮ್ಮೆ ಹಾಗಾದಾಗ ನೋಡಿದರೆ ಬಾಗಿಲ ಸಂದಿಯಲ್ಲಿ ಎಳೆ ಮಡಚಿ ಕೂತಿತ್ತು.

ಎರಡನೇ ಮಾಳಿಗೆಯ ಹುಡುಗಿಗೆ ಆ ಕೆಲಸ ಸಿಗಲಿಲ್ಲ. ಏಳೆಂಟು ತಿಂಗಳ ನಂತರ ಥಾಣೆಯಲ್ಲಿ ಇನ್ನೊಂದು ಸಿಕ್ಕಿತು, ಸಂಬಳ ಅದಕ್ಕಿಂತ ಕಡಿಮೆ. ಬಿಲ್ಲಿನಲ್ಲಿ ಆ ಎರಡು ಸಾಲು ಹಾಕಿ ಎಂದು ನಾನು ಕಂಪೆನಿಗೆ ಪತ್ರ ಬರೆದಿದ್ದೇನೆ, ಕೆಳಗೆ ಕಟ್ಟಡದ ಹದಿನಾಲ್ಕು ಮನೆಯವರ ಸಹಿ ಉಂಟು. “ನಿಮ್ಮ ದೂರು ದಾಖಲಾಗಿದೆ” ಎಂದು ಒಂದು ಮೆಸೇಜು ಬಂದಿದೆ. ಮುಂದೇನಾದರೂ ಬಂದರೆ ಇಲ್ಲೇ ತಿಳಿಸುತ್ತೇನೆ.