ಹದಿನಾಲ್ಕರ ಪದ್ಯ, ಅರವತ್ತರ ಸಂಪಾದಕ

ಮನ್ನಳ್ಳಿಯಿಂದ ನನ್ನ ಹೆಸರಿಗೆ ಒಂದು ದಪ್ಪ ಲಕೋಟೆ ಬಂದಿದೆ. ಬೀದರ ತಾಲ್ಲೂಕಿನ ಆ ಊರನ್ನು ಕಂಡ ವಾಚಕರು ನಮ್ಮಲ್ಲಿ ಎಷ್ಟು ಮಂದಿಯೋ ಅರಿಯೆ. ಆ ಜಿಲ್ಲೆಯ ಮಣ್ಣಿನಲ್ಲಿ ಆಡಿ ಬೆಳೆದ ನನಗಂತೂ ಊರ ಹೆಸರನ್ನು ಓದಿದೊಡನೆ ತೊಗರಿಯ ಹೊಲ ಕಣ್ಣಿಗೆ ಕಟ್ಟಿತು. ಲಕೋಟೆಯನ್ನು ಕಳುಹಿಸಿದವರು ಅಲ್ಲಿಯ ಒಬ್ಬ ಕನ್ನಡ ಪಂಡಿತರು. ಒಂಬತ್ತನೆಯ ತರಗತಿಯ ಮಕ್ಕಳು ಬರೆದ ಐದು ಪದ್ಯ, ಎರಡು ಕಥೆ, ಪೆನ್ಸಿಲಿನಲ್ಲಿ ಬಿಡಿಸಿದ ಒಂದು ಚಿತ್ರ ಅದರಲ್ಲಿದ್ದುವು. ಜೊತೆಗೆ ಒಂದು ಪ್ರಶ್ನೆಯೂ ಇತ್ತು: “ಮಕ್ಕಳ ಪುಟದವರು ಇವರು ದೊಡ್ಡವರಾದರು ಎನ್ನುತ್ತಾರೆ. ದೊಡ್ಡವರ ಪುಟದವರು ಉತ್ತರವನ್ನೇ ಬರೆಯುವುದಿಲ್ಲ. ಹಾಗಾದರೆ ಇವರು ಹೋಗತಕ್ಕದ್ದೆಲ್ಲಿಗೆ?”

ಪ್ರಶ್ನೆ ನ್ಯಾಯವಾದದ್ದು. ನಮ್ಮ ಪತ್ರಿಕೆಗಳಲ್ಲಿ ಪುಟಾಣಿಗಳಿಗೆ ಒಗಟುಂಟು, ಬಣ್ಣ ತುಂಬುವ ಚಿತ್ರವುಂಟು, ಗುಬ್ಬಚ್ಚಿಯ ಪದ್ಯವುಂಟು. ಹೆಸರಾದ ಲೇಖಕರಿಗೆ ಧಾರಾವಾಹಿಯುಂಟು, ವಿಶೇಷಾಂಕವುಂಟು. ಇವೆರಡರ ನಡುವೆ ಧ್ವನಿ ಒಡೆಯುವ, ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವ, ತಂದೆಯ ಮಾತಿಗೆ ಮೊದಲ ಬಾರಿ ಎದುರು ಮಾತು ಹುಟ್ಟುವ ವಯಸ್ಸೊಂದಿದೆ. ಆ ವಯಸ್ಸಿನವರು ಬರೆದುದಕ್ಕೆ ಮನೆಯಲ್ಲಿ ನೋಟುಬುಕ್ಕಿನ ಕೊನೆಯ ಹಾಳೆಯೇ ಗತಿ.

ಈ ಕೊರತೆಯನ್ನು ಕಂಡವರು ಹಿಂದೆ ಇರಲಿಲ್ಲವೆಂದಲ್ಲ. ಅಮೆರಿಕದ ‘ಸೇಂಟ್ ನಿಕೊಲಾಸ್’ ಎಂಬ ಮಕ್ಕಳ ಮಾಸಪತ್ರಿಕೆ 1899ರಲ್ಲಿಯೇ ಓದುಗರದೊಂದು ಕೂಟವನ್ನು ಏರ್ಪಡಿಸಿ, ಹದಿನೆಂಟು ವರ್ಷ ತುಂಬುವವರೆಗಿನವರ ಪದ್ಯ, ಗದ್ಯ, ಚಿತ್ರಗಳನ್ನು ಪ್ರಕಟಿಸಿತು. ಉತ್ತಮವಾದುವಕ್ಕೆ ಬೆಳ್ಳಿ, ಬಂಗಾರದ ಬಿಲ್ಲೆಗಳನ್ನು ಕೊಟ್ಟಿತು. ಮುಂದೆ ಹೆಸರಾಂತ ಕವಯಿತ್ರಿಯಾದ ಎಡ್ನಾ ಸೇಂಟ್ ವಿನ್ಸೆಂಟ್ ಮಿಲೇ ಎಂಬಾಕೆಯ ಪದ್ಯ 1906ರಲ್ಲಿ ಅಲ್ಲಿ ಅಚ್ಚಾದಾಗ ಆಕೆಗೆ ಹದಿನಾಲ್ಕು. ಕೀಟನಾಶಕಗಳ ವಿರುದ್ಧ ಜಗತ್ತನ್ನೇ ಎಚ್ಚರಿಸಿದ ರೇಚಲ್ ಕಾರ್ಸನ್‌ಳ ಮೊದಲ ಕಥೆಯನ್ನು 1918ರಲ್ಲಿ ಅದೇ ಪತ್ರಿಕೆ ಅಚ್ಚು ಮಾಡಿದಾಗ ಆಕೆಗೆ ಇನ್ನೂ ಹನ್ನೊಂದು. ನಮ್ಮ ದೇಶದಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ತಮ್ಮ ವಾರಪತ್ರಿಕೆಯ ಮೂಲಕ 1949ರಲ್ಲಿ ಮಕ್ಕಳ ಸ್ಪರ್ಧೆಯನ್ನು ಆರಂಭಿಸಿದರು; ಮರುವರ್ಷವೇ ಅದು ಅಂತಾರಾಷ್ಟ್ರೀಯವಾಯಿತು.

ಕನ್ನಡದ ಸಂಗತಿಯನ್ನು ನೋಡಿ. ಕುವೆಂಪು ಅವರ ಮೊದಲ ಪುಸ್ತಕ ಕನ್ನಡದ್ದಲ್ಲ. ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನ ವಿದ್ಯಾರ್ಥಿಯಾಗಿದ್ದಾಗ, 1922ರಲ್ಲಿ, ಅವರ ಇಂಗ್ಲಿಷ್ ಕವಿತೆಗಳು ‘ಬಿಗಿನರ್ಸ್ ಮ್ಯೂಸ್’ ಎಂಬ ಹೆಸರಿನಲ್ಲಿ ಅಚ್ಚಾದುವು. ಆಗ ಅವರಿಗೆ ಹದಿನೇಳು. ಬಳಿಕ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತರುಣ ಕವಿ ತಮ್ಮ ಇಂಗ್ಲಿಷ್ ರಚನೆಗಳನ್ನು ತೋರಿಸಿದರು. ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ ಎಂದು ಆ ಹಿರಿಯರು ಹೇಳಿದರು. ಮುಂದಿನ ಕಥೆ ಕನ್ನಡಿಗರೆಲ್ಲರಿಗೂ ತಿಳಿದದ್ದೇ. ಇಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಪುಸ್ತಕ ಅಚ್ಚಾದ ಸಂಗತಿಯಲ್ಲ. ಪರಿಚಯವಿಲ್ಲದ ಹಿರಿಯನೊಬ್ಬ ಹುಡುಗನ ಬರಹವನ್ನು ನಿಜವಾಗಿ ಓದಿ, ಮುಲಾಜಿಲ್ಲದೆ ಮಾತನಾಡಿದ ಸಂಗತಿ. “ಭೇಷ್, ಮುಂದುವರಿಸು” ಎಂದು ಬೆನ್ನು ತಟ್ಟಿ ಕಳುಹಿಸಿದ್ದರೆ ಕಸಿನ್ಸ್ ಅವರಿಗೆ ಎಷ್ಟು ಶ್ರಮ ಉಳಿಯುತ್ತಿತ್ತು!

ಬೀದರದ ಮಕ್ಕಳಿಗೆ “ತಾಯ್ನುಡಿಯಲ್ಲಿ ಬರೆಯಿರಿ” ಎಂಬ ಉಪದೇಶ ಅಷ್ಟು ಸರಳವಾದುದಲ್ಲ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ಶಾಲೆಯ ಭಾಷೆ ಉರ್ದು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಜಿಲ್ಲೆಯ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1960ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ ಬೀದರದಲ್ಲಿ ಸಾಹಿತ್ಯ ಸಮ್ಮೇಳನವೂ ನಡೆಯಿತು. ಕನ್ನಡವೇನೋ ಶಾಲೆಗೆ ಬಂದಿತು. ಆದರೆ ಬಂದ ಕನ್ನಡ ಪಠ್ಯಪುಸ್ತಕದ್ದು; ಅಡುಗೆಮನೆಯ ಕನ್ನಡ ಬೇರೆ. ಅಂಗಳದಲ್ಲಿ ದಖನಿ, ಪಕ್ಕದ ಮನೆಯಲ್ಲಿ ಮರಾಠಿ, ಸಂತೆಯಲ್ಲಿ ತೆಲುಗು. ಇವೆಲ್ಲವೂ ಕೂಡಿದ ಬಾಯಿಯಿಂದ ಹುಡುಗನೊಬ್ಬ ಪದ್ಯ ಬರೆದರೆ, ಸಂಪಾದಕರ ಕೆಂಪು ಶಾಯಿ ಮೊದಲು ಬೀಳುವುದು ಆ ಬಾಯಿಯ ಮೇಲೆಯೇ.

ಇದನ್ನು ಕೇಳಿದ ಮಾತಾಗಿ ಹೇಳುತ್ತಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ನಾನೊಂದು ಪ್ರಬಂಧ ಬರೆದು ಒಂದು ಪತ್ರಿಕೆಗೆ ಕಳುಹಿಸಿದ್ದೆ. ಪತ್ರಿಕೆಯ ಹೆಸರು ಬೇಡ. ವಿಷಯ ನಮ್ಮ ಕಡೆಯ ಎಳ್ಳಮಾಸಿ. ಅಂದು ಬಂಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದು, ಬಗೆಬಗೆಯ ಕಾಳು ಸೊಪ್ಪುಗಳನ್ನು ಕೂಡಿಸಿ ಮಾಡಿದ ಭಜ್ಜಿ, ಗಡಿಗೆಯ ಅಂಬಲಿ, ಸಜ್ಜೆಯ ರೊಟ್ಟಿ, ಬೆಳೆಯ ನಡುವೆ ನಿಂತು ನಮ್ಮ ಮುತ್ತ್ಯಾ ಚರಗ ಚೆಲ್ಲುತ್ತ ಕೂಗುವ ಕೂಗು, ಇವನ್ನೆಲ್ಲ ಬರೆದಿದ್ದೆ. ಪ್ರಬಂಧ ಅಚ್ಚಾಯಿತು. ನನ್ನ ಹೆಸರೂ ಇತ್ತು. ಆದರೆ ‘ಎಳ್ಳಮಾಸಿ’ ಹೋಗಿ ‘ಎಳ್ಳು ಅಮಾವಾಸ್ಯೆ’ ಬಂದಿತ್ತು. ‘ಸಾಲಿ’ ಹೋಗಿ ‘ಶಾಲೆ’ ಬಂದಿತ್ತು. ‘ಮುತ್ತ್ಯಾ’ ಹೋಗಿ ‘ಅಜ್ಜ’ ಬಂದಿದ್ದ. ಕೂಗಿನ ಸಾಲು ಇರಲೇ ಇಲ್ಲ. ಮುತ್ತ್ಯಾನಿಗೆ ಓದಲು ಬಾರದು. ಕಟ್ಟೆಯ ಮೇಲೆ ಕೂರಿಸಿಕೊಂಡು ನನ್ನಿಂದಲೇ ಓದಿಸಿ ಕೇಳಿದ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಛಲೋ ಅದ. ಖರೇ, ಈ ಅಜ್ಜ ಅಂಬಾಂವ ಯಾರಪಾ?” ಎಂದ.

ಆ ಸಂಪಾದಕರ ಮೇಲೆ ನನಗೆ ದ್ವೇಷವಿಲ್ಲ. ಬೆಂಗಳೂರಿನ ಓದುಗನಿಗೆ ತಿಳಿಯಲಿ ಎಂದು ಅವರು ತಿದ್ದಿರಬೇಕು. ಕಾಗುಣಿತವನ್ನು ಅವರು ತಿದ್ದಿದ್ದು ನನಗೆ ಉಪಕಾರವೇ ಆಯಿತು. ಹರೆಯದವರ ಬರಹವನ್ನು ತಿದ್ದಲೇಬಾರದೆಂಬ ಹೊಸ ಮಡಿವಂತಿಕೆಯೂ ನನಗೆ ಒಪ್ಪಿಗೆಯಿಲ್ಲ. ಒತ್ತಕ್ಷರದ ತಪ್ಪನ್ನು ‘ಸಹಜ ಪ್ರತಿಭೆ’ ಎಂದು ಕರೆಯುವುದು ಆ ಹುಡುಗನಿಗೆ ಮಾಡುವ ಅಪಮಾನ. ಆದರೆ ತಪ್ಪು ಬೇರೆ, ಮುತ್ತ್ಯಾ ಬೇರೆ. ಮಾತನ್ನು ಬದಲಿಸುವ ಮುನ್ನ ಒಂದು ಕಾರ್ಡು ಬರೆದು ಕೇಳಬಹುದಾಗಿತ್ತು. ಹಿರಿಯ ಲೇಖಕರನ್ನು ನಾವು ಕೇಳುವುದಿಲ್ಲವೆ?

ಚಿತ್ರಗಳ ಪಾಡು ಇನ್ನೂ ಕಷ್ಟ. ಹಿಂದೆ ರೇಖಾಚಿತ್ರ ಅಚ್ಚಾಗಬೇಕಾದರೆ ಸತುವಿನ ತಗಡಿನ ಮೇಲೆ ಬ್ಲಾಕು ಕೊರೆಸಬೇಕಾಗಿತ್ತು. ಪೆನ್ಸಿಲಿನ ಬೂದು ಗೆರೆ ಅದರಲ್ಲಿ ಹಿಡಿಯುತ್ತಿರಲಿಲ್ಲ. ಆದ್ದರಿಂದ ಹುಡುಗರ ಚಿತ್ರವನ್ನು ಕಚೇರಿಯ ಕಲಾವಿದರು ಕಪ್ಪು ಶಾಯಿಯಲ್ಲಿ ಮತ್ತೆ ಬರೆಯುತ್ತಿದ್ದರು. ಸೊಟ್ಟಗಿದ್ದ ಮೂಗು ನೆಟ್ಟಗಾಗುತ್ತಿತ್ತು, ಚಿತ್ರ ಸತ್ತುಹೋಗುತ್ತಿತ್ತು. (ಬೀದರದ ಬಿದ್ರಿ ಹೂಜಿಗೂ ಮೂಲಲೋಹ ಸತುವೇ, ಸ್ವಲ್ಪ ತಾಮ್ರ ಬೆರೆತದ್ದು. ಅದರಲ್ಲಿ ಬೆಳ್ಳಿಯ ಎಳೆ ಕೂರಿಸುವ ಕುಶಲಕರ್ಮಿ ಎಳೆಯ ವಯಸ್ಸಿನಲ್ಲೇ ಉಳಿ ಹಿಡಿದವನು; ಅವನ ಗೆರೆಯನ್ನು ಯಾರೂ ಮರಳಿ ಬರೆಯುವುದಿಲ್ಲ.) ಇಂದು ಸ್ಕ್ಯಾನರಿನಲ್ಲಿಟ್ಟರೆ ಬೂದು ಗೆರೆ ಹಾಗೆಯೇ ಬರುತ್ತದೆ. ನೆಪವೇ ಉಳಿದಿಲ್ಲ.

ಇನ್ನು, ಮಗು ಬರೆದುದು ಮಗುವಿನದೇ ಎಂದು ತಿಳಿಯುವುದು ಹೇಗೆ? ‘ಸೇಂಟ್ ನಿಕೊಲಾಸ್’ ಪತ್ರಿಕೆಯವರು ತಂದೆತಾಯಿಯರೋ ಶಿಕ್ಷಕರೋ ಸ್ವಂತ ರಚನೆಯೆಂದು ಸಹಿ ಹಾಕಬೇಕೆಂದು ನಿಯಮ ಮಾಡಿದ್ದರು. ಒಳ್ಳೆಯ ನಿಯಮ. ಆದರೆ ಸಂಶಯವನ್ನು ಬಹಿರಂಗವಾಗಿ ಆಡುವ ಮುನ್ನ ಹೆಲೆನ್ ಕೆಲ್ಲರಳನ್ನು ನೆನೆಯಬೇಕು. ಕಣ್ಣು ಕಿವಿಗಳೆರಡೂ ಇಲ್ಲದ ಆ ಬಾಲಿಕೆ ಹನ್ನೊಂದನೆಯ ವಯಸ್ಸಿನಲ್ಲಿ, 1891ರಲ್ಲಿ, ಹಿಮರಾಜನ ಕಥೆಯೊಂದನ್ನು ಬರೆದು ಪರ್ಕಿನ್ಸ್ ಅಂಧರ ಶಾಲೆಯ ನಿರ್ದೇಶಕರಿಗೆ ಹುಟ್ಟುಹಬ್ಬದ ಕಾಣಿಕೆಯಾಗಿ ಕಳುಹಿಸಿದಳು. ಅವರು ಸಂತೋಷದಿಂದ ಅದನ್ನು ಅಚ್ಚು ಹಾಕಿಸಿದರು. ಬಳಿಕ ಅದು ಮಾರ್ಗರೆಟ್ ಕ್ಯಾನ್ಬಿಯ ಒಂದು ಕಥೆಯನ್ನು ಹೋಲುವುದೆಂದು ಗೊತ್ತಾಯಿತು. ಎಂದೋ ಯಾರೋ ಅಂಗೈಯ ಮೇಲೆ ಬೆರಳಾಡಿಸಿ ಓದಿ ಹೇಳಿದ್ದು, ಮರೆತದ್ದು, ತನ್ನದೇ ಎಂಬಂತೆ ಹೊಮ್ಮಿತ್ತು. ಶಾಲೆಯ ಹಿರಿಯರು ವಿಚಾರಣಾ ಮಂಡಲಿಯಂತೆ ಕುಳಿತು ಆ ಮಗುವನ್ನು ಪ್ರಶ್ನಿಸಿದರು. ತಾನು ಬರೆಯುವ ಮಾತು ತನ್ನದೋ ಅಲ್ಲವೋ ಎಂಬ ಅಂಜಿಕೆ ತನ್ನನ್ನು ಬಹುಕಾಲ ಬಿಡಲಿಲ್ಲವೆಂದು ಆಕೆ 1903ರ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಅನುಮಾನವಿದ್ದರೆ ಸುಮ್ಮನೆ ಅಚ್ಚು ಮಾಡದಿರಿ. ಗುಟ್ಟಾಗಿ ಶಿಕ್ಷಕರನ್ನು ಕೇಳಿರಿ. ಹದಿನಾಲ್ಕರ ಹುಡುಗನನ್ನು ಪತ್ರಿಕೆಯಲ್ಲಿ ಕಳ್ಳನೆನ್ನುವ ಅಧಿಕಾರ ನಮಗಿಲ್ಲ.

ಹಕ್ಕಿನ ಮಾತನ್ನೂ ಹೇಳಿಬಿಡುವೆ. 1957ರ ಕೃತಿಸ್ವಾಮ್ಯ ಕಾಯಿದೆ ಬರೆದವರ ವಯಸ್ಸನ್ನು ಕೇಳುವುದಿಲ್ಲ, ಕೃತಿ ಬರೆದವರದು. ಆದರೆ ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಹೆತ್ತವರ ಒಪ್ಪಿಗೆಪತ್ರ ಬೇಕು, ಸಂಭಾವನೆಯೂ ಬೇಕು. ‘ಪ್ರೋತ್ಸಾಹ’ ಎಂಬ ಹೆಸರಿನಲ್ಲಿ ಹಣ ಉಳಿಸುವುದು ನಮ್ಮಲ್ಲಿ ಬೇರೂರಿದ ಚಾಳಿ.

ಹೆತ್ತವರ ಒಪ್ಪಿಗೆ ಎಂದೆನಲ್ಲ, ಅಲ್ಲಿಯೇ ನನ್ನನ್ನು ಇಂದಿಗೂ ಕಾಡುವ ಸಂಗತಿಯೊಂದಿದೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಬರಹಗಳ ಸಂಚಿಕೆಯೊಂದಕ್ಕೆ ಆಯ್ಕೆ ಮಾಡಲು ನಾವು ಮೂವರು ಕುಳಿತಿದ್ದೆವು. ಒಬ್ಬ ಹದಿನೈದರ ಹುಡುಗಿಯ ಪದ್ಯ ಬಂದಿತ್ತು. ಊರು, ಜಿಲ್ಲೆ ಯಾವುವೆಂದು ಹೇಳಲಾರೆ. ಬಳೆಗಾರನು ಕೈಯ ಅಳತೆ ತೆಗೆದುಕೊಂಡು ಹೋದದ್ದು, ಕಂಪಾಸು ಪೆಟ್ಟಿಗೆ ಟ್ರಂಕಿನ ತಳ ಸೇರಿದ್ದು, ಪರೀಕ್ಷೆಯ ತಿಂಗಳೂ ಇನ್ನೊಂದರ ತಿಂಗಳೂ ಒಂದೇ ಆದದ್ದು ಅದರಲ್ಲಿತ್ತು. ‘ಇನ್ನೊಂದು’ ಏನೆಂದು ಅವಳು ಬರೆದಿರಲಿಲ್ಲ. ನಾವು ಆ ಮೌನವನ್ನು ಮೆಚ್ಚಿದೆವು. ಮೊದಲ ಪುಟಕ್ಕೇ ಇರಲಿ ಎಂದು ಒಬ್ಬರು ಹೇಳಿದರು. ಧ್ವನಿ, ವ್ಯಂಗ್ಯಾರ್ಥ ಎಂದು ನಾನೂ ನಾಲ್ಕು ಮಾತು ಸೇರಿಸಿದೆ. ಕರಡು ತಿದ್ದುತ್ತಿದ್ದ ಹೆಂಗಸು ತಲೆಯೆತ್ತಿ, “ಸರ್, ಈ ಹುಡುಗಿಗೆ ಮದುವೆ ಗೊತ್ತುಮಾಡಿದ್ದಾರಲ್ಲ, ಯಾರಾದರೂ ವಿಚಾರಿಸಿದಿರಾ?” ಎಂದರು.

ಮೂವರೂ ಮಾತಿಲ್ಲದೆ ಕುಳಿತೆವು. ಬಾಲ್ಯವಿವಾಹ ನಿಷೇಧದ ಕಾಯಿದೆ 2006ರದು. ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಸಾರಿದೆ. ಮಕ್ಕಳ ಸಹಾಯವಾಣಿ 1098 ಎಂದು ಶಾಲೆಯ ಗೋಡೆಗಳ ಮೇಲೆಲ್ಲ ಬರೆದಿದೆ. ಇವೆಲ್ಲ ನಮಗೆ ತಿಳಿದಿದ್ದುವು. ಪದ್ಯ ಓದುವಾಗ ಮಾತ್ರ ತಿಳಿದಿರಲಿಲ್ಲ! ಅವಳ ಉಪಾಧ್ಯಾಯರಿಗೆ ಫೋನು ಮಾಡಿದೆವು. ಅವರೂ ಅದನ್ನು ಬರಿಯ ಪದ್ಯವೆಂದೇ ಓದಿದ್ದರು. ಮುಂದೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು ಮನೆಗೆ ಹೋದರು. ತಂದೆ ಮುಚ್ಚಳಿಕೆ ಬರೆದುಕೊಟ್ಟ. ಅಂದಿನ ಮದುವೆ ನಿಂತಿತು.

ಪದ್ಯವನ್ನು ಹೆಸರು ಬಿಟ್ಟು ಪ್ರಕಟಿಸೋಣವೆಂದು ಒಬ್ಬರೆಂದರು. ಹಳ್ಳಿಯಲ್ಲಿ ಹೆಸರು ಬಿಟ್ಟರೆ ಗುರುತು ಮರೆಯಾಗುವುದೆ? ಬೇಡವೆಂದು ತೀರ್ಮಾನಿಸಿದೆವು. ಹದಿನೈದು ದಿನಗಳ ಮೇಲೆ ಆ ಹುಡುಗಿಯಿಂದಲೇ ಕಾಗದ ಬಂದಿತು. ಕೃತಜ್ಞತೆಯ ಕಾಗದವೆಂದು ತಿಳಿದು ಒಡೆದೆವು. ಮನೆಯಲ್ಲಿ ತನ್ನೊಡನೆ ಯಾರೂ ಮಾತನಾಡುತ್ತಿಲ್ಲವೆಂದು ಬರೆದಿದ್ದಳು. “ನಾನು ಪದ್ಯ ಕಳಿಸಿದ್ದೆ, ಅರ್ಜಿ ಕಳಿಸಿರಲಿಲ್ಲ. ಅಚ್ಚು ಹಾಕದಿದ್ದರೆ ತಿರುಗಿ ಕಳಿಸಿರಿ. ನನ್ನ ಹತ್ತಿರ ಬೇರೆ ಪ್ರತಿ ಇಲ್ಲ.”

ನಾವು ಮಾಡಿದ್ದು ಸರಿಯೆಂದೇ ಇಂದಿಗೂ ನನ್ನ ನಂಬಿಕೆ. ಆದರೂ ಆ ಕಾಗದಕ್ಕೆ ಉತ್ತರ ಬರೆಯಲು ನನಗೆ ಮೂರು ದಿನ ಹಿಡಿಯಿತು. ಅವಳ ಪದ್ಯವನ್ನು ಪದ್ಯವಾಗಿ ಓದಿ, ಎರಡನೆಯ ನುಡಿಯಲ್ಲಿ ಎಲ್ಲಿ ಲಯ ತಪ್ಪಿದೆ, ಕೊನೆಯ ಸಾಲು ಏಕೆ ಚೆನ್ನಾಗಿದೆ ಎಂದು ಒಂದು ಪುಟ ಬರೆದೆ. ಮೊದಲೇ ಬರೆಯಬೇಕಾಗಿದ್ದ ಪುಟ ಅದು. ಮೂಲಪ್ರತಿಯ ಜೊತೆಗಿಟ್ಟು, ಶಾಲೆಯ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ತಲುಪಿದ ರಸೀತಿಯ ಮೇಲೆ ಅವಳದೇ ಸಹಿಯಿತ್ತು.

ಮನ್ನಳ್ಳಿಯ ಪಂಡಿತರಿಗೆ ಉತ್ತರ: ಚಿತ್ರವನ್ನು ಇದ್ದಂತೆಯೇ ಅಚ್ಚು ಹಾಕಲು ಸಂಪಾದಕರು ಒಪ್ಪಿದ್ದಾರೆ. ಎರಡು ಪದ್ಯಗಳು ಆಯ್ಕೆಯಾಗಿವೆ. ಉಳಿದ ಮೂರು ಪದ್ಯಗಳಿಗೂ ಎರಡು ಕಥೆಗಳಿಗೂ ಬರೆದವರ ಹೆಸರಿಗೇ ಬೇರೆ ಬೇರೆ ಕಾಗದ ಬರೆದಿದ್ದೇನೆ. ಅವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದದೆ ಅವರವರ ಕೈಗೇ ಕೊಡಬೇಕಾಗಿ ಕೋರುತ್ತೇನೆ. ಇನ್ನು ಮುಂದೆ ಮೂಲಪ್ರತಿ ಮಕ್ಕಳ ಬಳಿಯೇ ಇರಲಿ. ಮೊಬೈಲಿನಲ್ಲಿ ಪಟ ತೆಗೆದು ಕಳುಹಿಸಿದರೆ ಸಾಕು. ಆಯ್ಕೆಯಾದ ಪದ್ಯವೊಂದರ ಆರನೆಯ ಸಾಲಿನಲ್ಲಿ ಒಂದು ಮಾತು ನಿಘಂಟಿನಲ್ಲಿಯೂ ಸಿಗಲಿಲ್ಲ, ನನಗೂ ನೆನಪಾಗಲಿಲ್ಲ. ಅದನ್ನು ತಿದ್ದಿಲ್ಲ. ಅರ್ಥವೇನೆಂದು ಆ ಹುಡುಗ ತನ್ನ ಮುತ್ತ್ಯಾನನ್ನು ಕೇಳಿ ಒಂದು ಕಾರ್ಡು ಬರೆದರೆ, ಸಂಚಿಕೆ ಅಚ್ಚಿಗೆ ಹೋಗುವ ಮುನ್ನ ಅಡಿಟಿಪ್ಪಣಿ ಸೇರಿಸಬಹುದು.